ವಿಜ್ಞಾನೇಶ್ವರ: ಶಾಸ್ತ್ರಪ್ರಾಮಾಣ್ಯ ಮತ್ತು ಲೋಕಾಚಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸಿರವಾರ, ಮಾನ್ವಿ, ದೇವದುರ್ಗ ಸೀಮೆಯಲ್ಲಿ ಅಣ್ಣತಮ್ಮಂದಿರು ಹೊಲಮನೆಗಳನ್ನು ಹಂಚಿಕೊಂಡು ಬರೆಸುವ ಪಾಲುಪತ್ರಗಳಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ, ಅವಿಭಕ್ತ ಕುಟುಂಬ ಎಂಬ ಮಾತುಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಬರೆಸುವವರಿಗೂ ಬರೆಯುವವರಿಗೂ ಇವು ಕಚೇರಿಯ ಭಾಷೆ. ಆದರೆ ಈ ಮಾತುಗಳ ಹಿಂದಿರುವ ನ್ಯಾಯವಿಚಾರವನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದ ಗ್ರಂಥ, ಇದೇ ನಾಡಿನ ಅರಸರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆ ರಚಿತವಾಯಿತು. ಆ ಗ್ರಂಥ ‘ಮಿತಾಕ್ಷರಾ’. ಅದರ ಕರ್ತೃ ವಿಜ್ಞಾನೇಶ್ವರ.

ವಿಜ್ಞಾನೇಶ್ವರನನ್ನು ಧರ್ಮಶಾಸ್ತ್ರದ ಪಂಡಿತನೆಂದೂ ದಾಯಭಾಗದ ವಿಧಿಗಳನ್ನು ನಿರ್ಣಯಿಸಿದವನೆಂದೂ ಗೌರವಿಸುವುದು ರೂಢಿಯಾಗಿದೆ. ಆದರೆ ಅವನ ವ್ಯಾಖ್ಯಾನವನ್ನು ಗಮನವಿಟ್ಟು ಪರಿಶೀಲಿಸಿದರೆ ಇನ್ನೊಂದು ಪ್ರಶ್ನೆ ಅದರುದ್ದಕ್ಕೂ ಹರಿದಿರುವುದು ಕಂಡುಬರುತ್ತದೆ. ಶಾಸ್ತ್ರ ಒಂದನ್ನು ವಿಧಿಸಿ ಜನ ಇನ್ನೊಂದನ್ನು ಆಚರಿಸುತ್ತಿರುವಾಗ ಯಾವುದು ಪ್ರಮಾಣ ಎಂಬುದೇ ಆ ಪ್ರಶ್ನೆ. ಅದಕ್ಕೆ ಅವನು ನೀಡಿದ ಉತ್ತರ ಅವನ ಕಾಲಕ್ಕಷ್ಟೇ ಸೀಮಿತವಾಗಲಿಲ್ಲ. ಇಪ್ಪತ್ತೊಂದನೆಯ ಶತಮಾನದ ನ್ಯಾಯಾಲಯಗಳವರೆಗೂ ಅದರ ಪರಿಣಾಮ ವ್ಯಾಪಿಸಿದೆ.

ದೇಶ, ಕಾಲ ಮತ್ತು ವ್ಯಕ್ತಿ

ವಿಜ್ಞಾನೇಶ್ವರನ ಬದುಕಿಗೆ ಮುಖ್ಯ ಆಧಾರ ಅವನ ಗ್ರಂಥವೇ. ಅದರ ಪ್ರಶಸ್ತಿವಾಕ್ಯ ಹಾಗೂ ಅಂತ್ಯಪದ್ಯಗಳಿಂದ ಅವನು ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟೋಪಾಧ್ಯಾಯನ ಮಗನೆಂದೂ ಉತ್ತಮ ಎಂಬ ಗುರುವಿನ ಶಿಷ್ಯನೆಂದೂ ಪರಮಹಂಸ ಪರಿವ್ರಾಜಕನಾಗಿದ್ದನೆಂದೂ ತಿಳಿದುಬರುತ್ತದೆ. ಕಲ್ಯಾಣದಂತಹ ನಗರ, ವಿಕ್ರಮಾರ್ಕನಂತಹ ಅರಸು, ವಿಜ್ಞಾನೇಶ್ವರನಂತಹ ಪಂಡಿತ ಈ ಮೂವರೂ ಒಂದೆಡೆ ಕೂಡಿದುದು ಅಪೂರ್ವವೆಂಬ ಅಭಿಮಾನ ಆ ಪದ್ಯಗಳಲ್ಲಿದೆ. ಇಲ್ಲಿ ಹೇಳಲಾದ ವಿಕ್ರಮಾರ್ಕನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಅವನ ಆಳ್ವಿಕೆ 1076ರಿಂದ 1126ರವರೆಗೆ ನಡೆದುದರಿಂದ ಮಿತಾಕ್ಷರೆಯ ರಚನೆಯೂ ಈ ಅರ್ಧಶತಮಾನದೊಳಗೆ ಬರುತ್ತದೆ. ಕಲಬುರಗಿ ಜಿಲ್ಲೆಯ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಗುರುತಿಸುವ ಪರಂಪರೆ ಆ ಭಾಗದಲ್ಲಿ ಜೀವಂತವಾಗಿದೆ.

ವಿಕ್ರಮಾದಿತ್ಯನ ರಾಜ್ಯ ವಿಸ್ತಾರವೂ ವೈವಿಧ್ಯಮಯವೂ ಆಗಿತ್ತು. ಇಂದಿನ ರಾಯಚೂರು ದೋಆಬ್ ಪ್ರದೇಶ ಅಂದು ಎಡೆದೊರೆನಾಡು ಎಂಬ ಹೆಸರಿನಿಂದ ಆ ರಾಜ್ಯದ ಭಾಗವಾಗಿತ್ತು. ಅಗ್ರಹಾರಗಳ ಮಹಾಜನರು, ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು, ಕಸುಬುದಾರರ ಶ್ರೇಣಿಗಳು, ಜೈನ ಬಸದಿಗಳು, ಕಾಳಾಮುಖ ಶೈವರ ಮಠಗಳು ತಮ್ಮ ತಮ್ಮ ಕಟ್ಟುಪಾಡುಗಳೊಡನೆ ಬಾಳುತ್ತಿದ್ದವು. ಶಾಸನಗಳಲ್ಲಿ ಬರುವ ಸಮಯ, ಮರ್ಯಾದೆ ಎಂಬ ಪದಗಳು ಇಂತಹ ಕಟ್ಟುಪಾಡುಗಳನ್ನೇ ಸೂಚಿಸುತ್ತವೆ. ಕಾಶ್ಮೀರದಿಂದ ಬಂದ ಬಿಲ್ಹಣನು ಇದೇ ಅರಸನ ಆಸ್ಥಾನದಲ್ಲಿದ್ದು ಅವನ ಚರಿತ್ರೆಯನ್ನು ಕಾವ್ಯವಾಗಿಸಿದನು. ಒಂದೇ ಗ್ರಂಥದ ಒಂದೇ ವಿಧಿಯಿಂದ ಇಂತಹ ನಾಡನ್ನು ಆಳುವುದು ಸಾಧ್ಯವಿಲ್ಲವೆಂಬುದು ಕಲ್ಯಾಣದಲ್ಲಿ ನೆಲಸಿದ ಶಾಸ್ತ್ರಜ್ಞನಿಗೆ ಕಣ್ಣೆದುರಿನ ಸತ್ಯವಾಗಿತ್ತು.

ವ್ಯಾಖ್ಯಾನದ ಮಾರ್ಗ

ವಿಜ್ಞಾನೇಶ್ವರನು ಸ್ವತಂತ್ರ ಧರ್ಮಗ್ರಂಥವನ್ನು ರಚಿಸಲಿಲ್ಲ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳ ಯಾಜ್ಞವಲ್ಕ್ಯ ಸ್ಮೃತಿಯನ್ನು ಆಯ್ದುಕೊಂಡು ಅದಕ್ಕೆ ವ್ಯಾಖ್ಯಾನ ಬರೆದನು. ಅವನಿಗಿಂತ ಮೊದಲೇ ವಿಶ್ವರೂಪನು ಈ ಸ್ಮೃತಿಯನ್ನು ವಿಸ್ತಾರವಾಗಿ ವ್ಯಾಖ್ಯಾನಿಸಿದ್ದನು. ಆ ವಿಸ್ತಾರವನ್ನು ಎಳೆಯ ಅಭ್ಯಾಸಿಗಳಿಗೂ ಎಟುಕುವಂತೆ ಮಿತವಾದ, ಸರಳವಾದ ಮಾತುಗಳಲ್ಲಿ ಹೇಳುವುದು ತನ್ನ ಉದ್ದೇಶವೆಂದು ವಿಜ್ಞಾನೇಶ್ವರನು ಗ್ರಂಥಾರಂಭದಲ್ಲಿ ತಿಳಿಸುತ್ತಾನೆ. ಮಿತಾಕ್ಷರಾ ಎಂಬ ಹೆಸರಿನ ಔಚಿತ್ಯವೂ ಇದೇ.

ಹೆಸರು ವಿನಯದ್ದಾದರೂ ಕೆಲಸ ಸಾಮಾನ್ಯವಾದುದಲ್ಲ. ಅನೇಕ ಸ್ಮೃತಿಕಾರರ ಪರಸ್ಪರ ವಿರುದ್ಧ ವಚನಗಳನ್ನು ಮೀಮಾಂಸಾಶಾಸ್ತ್ರದ ನ್ಯಾಯಗಳಿಂದ ಸಮನ್ವಯಗೊಳಿಸಿ ಪ್ರತಿಯೊಂದು ವಿಷಯದಲ್ಲಿಯೂ ನಿರ್ಣಯಕ್ಕೆ ಬರುವುದು ಅವನ ಕ್ರಮ. ಧರ್ಮದ ಮೂಲಗಳನ್ನು ಯಾಜ್ಞವಲ್ಕ್ಯನು ಶ್ರುತಿ, ಸ್ಮೃತಿ, ಸದಾಚಾರ, ತನ್ನ ಮನಸ್ಸಿಗೆ ಪ್ರಿಯವಾದುದು ಮುಂತಾಗಿ ಎಣಿಸುತ್ತಾನೆ. ಇವುಗಳಲ್ಲಿ ಮನಸ್ಸಿಗೆ ಪ್ರಿಯವಾದುದು ಎಂಬ ಮೂಲವು ಶಾಸ್ತ್ರವೇ ವಿಕಲ್ಪಕ್ಕೆ ಬಿಟ್ಟಿರುವ ವಿಷಯಗಳಿಗೆ ಮಾತ್ರ ಅನ್ವಯಿಸುತ್ತದೆಂದು ವಿಜ್ಞಾನೇಶ್ವರನು ಕಟ್ಟುಹಾಕುತ್ತಾನೆ. ಒಬ್ಬನ ಇಚ್ಛೆ ಧರ್ಮವಾಗಲಾರದು. ಆದರೆ ಅನೇಕರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಆಚಾರದ ಬಗ್ಗೆ ಅವನ ಧೋರಣೆ ಬೇರೆ. ಸ್ಮೃತಿ ಮತ್ತು ಆಚಾರ ಇವೆರಡಕ್ಕೂ ವಿರುದ್ಧವಾದ ಮಾರ್ಗದಿಂದ ಬಾಧೆಗೊಳಗಾದವನು ರಾಜನಲ್ಲಿ ನಿವೇದಿಸಿದಾಗ ವ್ಯವಹಾರ, ಎಂದರೆ ದಾವೆ, ಹುಟ್ಟುತ್ತದೆ ಎಂಬುದು ಮೂಲ ಸ್ಮೃತಿಯ ಲಕ್ಷಣ. ದಾವೆಯ ಬುಡದಲ್ಲಿಯೇ ಆಚಾರಕ್ಕೆ ಸ್ಮೃತಿಯ ಪಕ್ಕದಲ್ಲಿ ಆಸನ ದೊರೆತಿರುವುದು ಗಮನಾರ್ಹ. ಎರಡು ಸ್ಮೃತಿಗಳು ವಿರೋಧಿಸಿದಾಗ ಬಲಶಾಲಿಯಾಗುವ ನ್ಯಾಯವನ್ನು ಹಿರಿಯರ ರೂಢಿಯಿಂದ ಅರಿಯಬೇಕೆಂದೂ ವಿಜ್ಞಾನೇಶ್ವರನು ವಿವರಿಸುತ್ತಾನೆ.

ಲೋಕವಿದ್ವಿಷ್ಟ ಎಂಬ ಅಳತೆಗೋಲು

ಆಚಾರದ ಬಲ ನಿಜವಾಗಿ ಪರೀಕ್ಷೆಗೊಳಗಾಗುವುದು ಶಾಸ್ತ್ರವು ಮೌನವಾಗಿರುವಲ್ಲಿ ಅಲ್ಲ, ಸ್ಪಷ್ಟವಾಗಿ ಮಾತನಾಡಿರುವಲ್ಲಿ. ಧರ್ಮ್ಯವಾದುದಾದರೂ ಲೋಕವು ದ್ವೇಷಿಸುವುದನ್ನು ಆಚರಿಸಬಾರದೆಂಬ ಅರ್ಥದ ವಿಧಿಯೊಂದು ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿದೆ. ಇದನ್ನು ವ್ಯಾಖ್ಯಾನಿಸುವಾಗ ವಿಜ್ಞಾನೇಶ್ವರನು ಮಧುಪರ್ಕದಲ್ಲಿ ಗೋವಧೆಯನ್ನು ಉದಾಹರಿಸುತ್ತಾನೆ. ವಿಹಿತವಾಗಿದ್ದರೂ ಜನರ ನಿಂದೆಗೆ ಗುರಿಯಾಗುವ ಕಾರಣ ಅದು ಆಚರಣೆಗೆ ಯೋಗ್ಯವಲ್ಲವೆಂಬುದು ಅವನ ನಿಲುವು.

ಈ ತತ್ತ್ವವನ್ನು ಅವನು ಅತಿಥಿಸತ್ಕಾರಕ್ಕೆ ಸೀಮಿತಗೊಳಿಸದೆ ಆಸ್ತಿಯ ವಿಭಾಗಕ್ಕೆ ತಂದುದರಲ್ಲಿ ಅವನ ಸ್ವೋಪಜ್ಞತೆ ಇದೆ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡುವ ಉದ್ಧಾರ ಎಂಬ ಕ್ರಮವನ್ನು ಮನು ಮೊದಲಾದವರು ಹೇಳಿದ್ದಾರೆ. ಅದು ಶಾಸ್ತ್ರದಲ್ಲಿಲ್ಲವೆಂದು ವಿಜ್ಞಾನೇಶ್ವರನು ವಾದಿಸುವುದಿಲ್ಲ. ವಚನಗಳನ್ನು ತಿರುಚಿ ಬೇರೆ ಅರ್ಥ ಹೊರಡಿಸುವುದೂ ಇಲ್ಲ. ವಿಷಮ ವಿಭಾಗವು ಶಾಸ್ತ್ರದಲ್ಲಿ ಕಂಡುಬಂದರೂ ಲೋಕವಿದ್ವಿಷ್ಟವಾದುದರಿಂದ ಅದನ್ನು ನಡೆಸಬಾರದು ಎಂದು ನೇರವಾಗಿ ಹೇಳುತ್ತಾನೆ. ನಿಯೋಗಪದ್ಧತಿಯೂ ಯಜ್ಞದಲ್ಲಿನ ಗೋವಧೆಯೂ ಹೇಗೆ ನಿಂತುಹೋದವೋ ಹಾಗೆಯೇ ಜ್ಯೇಷ್ಠನ ಹೆಚ್ಚಿನ ಪಾಲೂ ನಿಂತುಹೋಗಿದೆ ಎಂಬುದು ಅವನ ತರ್ಕದ ಸರಣಿ. ಇಲ್ಲಿ ಗ್ರಂಥವಾಕ್ಯವು ಸುಳ್ಳಾಗುವುದಿಲ್ಲ, ಅಳಿಸಿಹೋಗುವುದೂ ಇಲ್ಲ. ಜನರ ಒಪ್ಪಿಗೆ ಹಿಂದೆ ಸರಿದಾಗ ವಿಧಿಯು ಗ್ರಂಥದಲ್ಲಿ ಉಳಿದು ಬಾಳಿನಿಂದ ಹೊರಟುಹೋಗುತ್ತದೆ. ತಮ್ಮಂದಿರಿಗೆಲ್ಲ ಸಮಪಾಲು ದೊರೆಯುವ ವ್ಯವಸ್ಥೆಗೆ ಶಾಸ್ತ್ರಜ್ಞನೊಬ್ಬನು ಒದಗಿಸಿದ ಸಮರ್ಥನೆಯಲ್ಲಿ ಲೋಕದ ಅಭಿಮತಕ್ಕೆ ಇಷ್ಟು ತೂಕವಿದ್ದಿತು.

ಸ್ವತ್ವವು ಲೌಕಿಕ

ಇದರ ಹಿಂದೆ ಇನ್ನೂ ಆಳವಾದ ವಿಚಾರವೊಂದಿದೆ. ಒಡೆತನ, ಎಂದರೆ ಸ್ವತ್ವ, ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಅಥವಾ ಲೋಕದಿಂದಲೇ ತಿಳಿದಿರುವುದೋ ಎಂಬ ಚರ್ಚೆಯನ್ನು ವಿಜ್ಞಾನೇಶ್ವರನು ದಾಯವಿಭಾಗ ಪ್ರಕರಣದ ಆರಂಭದಲ್ಲಿ ಎತ್ತಿಕೊಳ್ಳುತ್ತಾನೆ. ಶಾಸ್ತ್ರದಿಂದ ಮಾತ್ರ ತಿಳಿಯುವುದಾದರೆ ಶಾಸ್ತ್ರವನ್ನು ಅರಿಯದವರಲ್ಲಿ ನನ್ನದು, ನಿನ್ನದು ಎಂಬ ವ್ಯವಹಾರವೇ ಇರಬಾರದು. ಆದರೆ ಶಾಸ್ತ್ರದ ಪರಿಚಯವೇ ಇಲ್ಲದ ಗಡಿನಾಡಿನ ಜನರೂ ಕೊಡುವುದು, ಕೊಳ್ಳುವುದು ಮಾಡುತ್ತಲೇ ಇದ್ದಾರೆ. ಆದುದರಿಂದ ಸ್ವತ್ವವು ಲೌಕಿಕವೇ ಎಂಬುದು ಅವನ ಸಿದ್ಧಾಂತ. ಸನ್ಯಾಸಿಯೊಬ್ಬನು ಧರ್ಮಶಾಸ್ತ್ರದ ಮಧ್ಯದಲ್ಲಿ ನಿಂತು ಆಸ್ತಿಯನ್ನು ಶಾಸ್ತ್ರದ ಸೃಷ್ಟಿಯಲ್ಲವೆಂದು ಸಾಧಿಸಿದುದು ಧರ್ಮಶಾಸ್ತ್ರದ ಇತಿಹಾಸದಲ್ಲಿ ಮಹತ್ತ್ವದ ಘಟ್ಟ.

ಇದೇ ದೃಷ್ಟಿಯಿಂದ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುವುದೆಂಬ ಲೋಕಪ್ರಸಿದ್ಧಿಯನ್ನು ಅವನು ಸಮರ್ಥಿಸಿದನು. ಬಂಗಾಳದ ಜೀಮೂತವಾಹನನು ತನ್ನ ‘ದಾಯಭಾಗ’ದಲ್ಲಿ ತಂದೆಯ ಸ್ವತ್ವ ಮುಗಿದ ಮೇಲೆಯೇ ಮಕ್ಕಳ ಸ್ವತ್ವ ಆರಂಭವಾಗುವುದೆಂದು ಪ್ರತಿಪಾದಿಸಿದನು. ಗಂಡುಮಕ್ಕಳಿಲ್ಲದೆ ವಿಭಕ್ತನಾಗಿ ತೀರಿಕೊಂಡವನ ಆಸ್ತಿ ಮೊದಲು ಪತ್ನಿಗೆ ಸೇರತಕ್ಕದ್ದೆಂಬುದನ್ನು ವಿಜ್ಞಾನೇಶ್ವರನು ಧಾರೇಶ್ವರನ ಮತವನ್ನು ಖಂಡಿಸಿ ಸ್ಥಾಪಿಸಿದನು. ವಿಧವೆಯ ಹಕ್ಕಿಗೆ ನಿಯೋಗದ ಷರತ್ತನ್ನು ಜೋಡಿಸಿದ್ದ ಆ ಮತಕ್ಕೆ ಅವನು ಮನ್ನಣೆ ಕೊಡಲಿಲ್ಲ. ಸ್ತ್ರೀಧನವೆಂಬ ಪದವನ್ನೂ ಪಾರಿಭಾಷಿಕವಾಗಿ ಕುಗ್ಗಿಸದೆ, ದಾಯದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದ ಸಂಪತ್ತೆಲ್ಲವೂ ಸ್ತ್ರೀಧನವೇ ಎಂದು ವಿಸ್ತರಿಸಿದನು.

ಪಾಷಂಡಿಗಳ ಕಟ್ಟುಪಾಡಿಗೂ ರಕ್ಷಣೆ

ಆಚಾರಕ್ಕೆ ಮನ್ನಣೆ ನೀಡುವ ಶಾಸ್ತ್ರಕಾರರು ಸಾಮಾನ್ಯವಾಗಿ ಶಿಷ್ಟರ ಆಚಾರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಧರ್ಮದ ಮೂಲವಾಗಿ ಸದಾಚಾರವನ್ನು ಹೇಳುವಾಗ ವಿಜ್ಞಾನೇಶ್ವರನೂ ಈ ಚೌಕಟ್ಟನ್ನು ಮೀರುವುದಿಲ್ಲ. ಆದರೆ ವ್ಯವಹಾರಾಧ್ಯಾಯದಲ್ಲಿ ಚಿತ್ರ ವಿಶಾಲವಾಗುತ್ತದೆ. ಶ್ರೇಣಿ, ನೈಗಮ, ಪಾಷಂಡಿ ಮತ್ತು ಗಣಗಳ ವಿಶಿಷ್ಟ ನಡಾವಳಿಗಳನ್ನು ರಾಜನು ಕಾಪಾಡಬೇಕೆಂದು ಮೂಲ ಸ್ಮೃತಿ ವಿಧಿಸುತ್ತದೆ. ವೇದದ ಪ್ರಾಮಾಣ್ಯವನ್ನೇ ಒಪ್ಪದ ದಿಗಂಬರರು, ಬೌದ್ಧರು ಮೊದಲಾದವರು ಪಾಷಂಡಿಗಳೆಂದು ವಿಜ್ಞಾನೇಶ್ವರನು ಅರ್ಥವಿವರಣೆ ನೀಡುತ್ತಾನೆ. ಎಂದರೆ ವೇದವನ್ನು ನಿರಾಕರಿಸಿದವರ ಕಟ್ಟುಪಾಡಿಗೂ ವೇದಮೂಲವಾದ ಧರ್ಮಶಾಸ್ತ್ರದಲ್ಲಿಯೇ ರಾಜರಕ್ಷಣೆ ಇದೆ. ಬಸದಿಗಳಿಂದ ತುಂಬಿದ್ದ ಕನ್ನಡ ನಾಡಿನಲ್ಲಿ ಇದು ಬರಿಯ ಪದವಿವರಣೆಯಾಗಿರಲಾರದು.

ಗೆದ್ದ ನಾಡಿನ ವಿಷಯದಲ್ಲಿಯೂ ಇದೇ ನೀತಿ. ವಶವಾದ ದೇಶದ ಆಚಾರ, ವ್ಯವಹಾರ, ಕುಲಸ್ಥಿತಿಗಳನ್ನು ಇದ್ದಂತೆಯೇ ಪಾಲಿಸಬೇಕು, ಗೆದ್ದವನು ತನ್ನ ದೇಶದ ಆಚಾರವನ್ನು ಅಲ್ಲಿ ಬೆರೆಸಬಾರದು ಎಂದು ಅವನು ವಿವರಿಸುತ್ತಾನೆ. ಅಂತಹ ಆಚಾರ ಶಾಸ್ತ್ರವಿರುದ್ಧವಾಗಿರಬಾರದೆಂಬ ಮಿತಿಯನ್ನು ಹೇಳಲು ಅವನು ಮರೆಯುವುದಿಲ್ಲ. ಒಂದು ಕಡೆ ಲೋಕದ ಅಸಮ್ಮತಿ ಶಾಸ್ತ್ರವನ್ನು ತಡೆಯುತ್ತದೆ. ಇನ್ನೊಂದು ಕಡೆ ಶಾಸ್ತ್ರವು ಲೋಕದ ಆಚಾರಕ್ಕೆ ಎಲ್ಲೆ ಹಾಕುತ್ತದೆ. ಈ ಎರಡರ ನಡುವಿನ ಸಮತೋಲ ಮಿತಾಕ್ಷರೆಯ ಜೀವಾಳ.

ಸಮಕಾಲೀನ ಯೆಹೂದಿ ಪರಂಪರೆಯೊಡನೆ ಹೋಲಿಕೆ

ಇಂತಹ ಸಮಸ್ಯೆ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಗ್ರಂಥಮೂಲವಾದ ಧರ್ಮನ್ಯಾಯ ಇರುವಲ್ಲೆಲ್ಲ ಅದು ತಲೆದೋರುತ್ತದೆ. ವಿಜ್ಞಾನೇಶ್ವರನು ಬಾಳಿದ ಕಾಲದಲ್ಲಿಯೇ ಫ್ರಾನ್ಸಿನ ತ್ರ್ವಾ ನಗರದಲ್ಲಿ ಯೆಹೂದಿ ಪಂಡಿತ ರಾಶಿ (1040–1105) ತಾಲ್ಮೂದ್ ಗ್ರಂಥಕ್ಕೆ ಮಿತವಾದ ಮಾತುಗಳ ವ್ಯಾಖ್ಯಾನ ಬರೆದನು. ಯೆಹೂದಿಗಳಲ್ಲಿ ಧರ್ಮವಿಧಿಯನ್ನು ಹಲಾಖಾ ಎಂದೂ ಸಮುದಾಯದ ರೂಢಿಯನ್ನು ಮಿನ್ಹಾಗ್ ಎಂದೂ ಕರೆಯುತ್ತಾರೆ. ವಿಧಿ ಸಂದಿಗ್ಧವಾದಾಗ ಹೊರಗೆ ಹೋಗಿ ಜನ ಹೇಗೆ ನಡೆದುಕೊಳ್ಳುತ್ತಿದ್ದಾರೆಂದು ನೋಡಬೇಕೆಂಬ ಸಲಹೆ ತಾಲ್ಮೂದಿನಲ್ಲಿಯೇ ಇದೆ. ಹಣಕಾಸು, ಕೂಲಿ, ಕರಾರುಗಳ ವಿಷಯದಲ್ಲಿ ಸ್ಥಳೀಯ ರೂಢಿಗೆ ವಿಧಿಯನ್ನು ಹಿಂದೆ ಸರಿಸುವಷ್ಟು ಬಲವಿದೆ. ನಿಷಿದ್ಧವಾದುದನ್ನು ಅನುಮತಿಸುವ ಬಲ ಅದಕ್ಕೆ ಸಾಮಾನ್ಯವಾಗಿ ಇಲ್ಲ. ಬಹುಪತ್ನೀತ್ವಕ್ಕೆ ಮೂಲಗ್ರಂಥದಲ್ಲಿ ಅವಕಾಶವಿದ್ದರೂ ಯೂರೋಪಿನ ಯೆಹೂದಿಗಳು, ರಬ್ಬಿ ಗೆರ್ಷೋಮ್‌ನದೆಂದು ಪರಂಪರೆ ಹೇಳುವ ಕಟ್ಟಳೆಯನ್ನು ಒಪ್ಪಿಕೊಂಡು ಅದನ್ನು ಕೈಬಿಟ್ಟರು. ಹದಿನಾರನೆಯ ಶತಮಾನದಲ್ಲಿ ಯೋಸೆಫ್ ಕಾರೋ ರಚಿಸಿದ ವಿಧಿಸಂಗ್ರಹಕ್ಕೆ ಪೋಲೆಂಡಿನ ಮೋಸೆಸ್ ಇಸ್ಸರ್ಲೆಸ್ ತನ್ನ ನಾಡಿನ ರೂಢಿಗಳನ್ನು ಟಿಪ್ಪಣಿಯಾಗಿ ಸೇರಿಸಿದ ಬಳಿಕವೇ ಅದು ಅಲ್ಲಿಯ ಜನರಿಗೂ ಪ್ರಮಾಣವಾಯಿತು. ಪರಸ್ಪರ ಸಂಪರ್ಕವೇ ಇಲ್ಲದ ಎರಡು ಪರಂಪರೆಗಳು ಒಡೆತನ ಮತ್ತು ಹಣಕಾಸಿನ ಕ್ಷೇತ್ರದಲ್ಲಿಯೇ ರೂಢಿಗೆ ಹೆಚ್ಚಿನ ಸ್ಥಾನ ಕೊಟ್ಟಿರುವುದು ಆಕಸ್ಮಿಕವಲ್ಲ. ದೇವರಿಗೆ ಸಲ್ಲುವ ಕರ್ಮಗಳಿಗಿಂತ ಮನುಷ್ಯರ ಪರಸ್ಪರ ನಂಬಿಕೆಯ ವ್ಯವಹಾರಗಳಲ್ಲಿ ಜನರ ಒಪ್ಪಿಗೆಯೇ ವಿಧಿಯ ತಳಹದಿಯಾಗಿರುತ್ತದೆ.

ಆಚಾರದ ಇನ್ನೊಂದು ಮುಖ

ಆಚಾರಕ್ಕೆ ಸಲ್ಲಿಸಿದ ಗೌರವ ಎಲ್ಲರಿಗೂ ಹಿತವಾಯಿತೆಂದು ಹೇಳಲಾಗದು. ಮಿತಾಕ್ಷರೆಯು ವರ್ಣಭೇದವನ್ನು ಒಪ್ಪಿಕೊಂಡೇ ಸಾಗುವ ಗ್ರಂಥ. ಯಾರ ಆಚಾರ, ಯಾರ ಅಸಮ್ಮತಿ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಅದೇ ಹನ್ನೆರಡನೆಯ ಶತಮಾನ ಮುಗಿಯುವ ಮೊದಲೇ, ಅದೇ ಕಲ್ಯಾಣದಲ್ಲಿ, ಬಸವಣ್ಣ ಮತ್ತು ಶರಣರು ಈ ಪ್ರಶ್ನೆಯನ್ನು ಎತ್ತಿದರು. ಹುಟ್ಟಿನಿಂದ ಬಂದ ಮೇಲುಕೀಳಿನ ರೂಢಿಯನ್ನು ಅವರು ಒಪ್ಪಲಿಲ್ಲ. ಆಚಾರವೆಂಬ ಪದಕ್ಕೇ ಹೊಸ ಅರ್ಥ ತುಂಬಿ, ಅದನ್ನು ಕುಲದ ನಡವಳಿಕೆಯಿಂದ ಬಿಡಿಸಿ ವ್ಯಕ್ತಿಯ ನಡೆನುಡಿಗೆ ಜೋಡಿಸಿದರು. ರೂಢಿಯನ್ನು ಮಾನ್ಯಮಾಡಿದ ಶಾಸ್ತ್ರಜ್ಞನೂ ರೂಢಿಯನ್ನು ಪ್ರಶ್ನಿಸಿದ ಶರಣರೂ ಒಂದೇ ನಗರದ ಕೊಡುಗೆಯಾಗಿರುವುದು ಕನ್ನಡ ಸಂಸ್ಕೃತಿಯ ಅಧ್ಯಯನದಲ್ಲಿ ಒಟ್ಟಾಗಿ ಪರಿಶೀಲಿಸಬೇಕಾದ ಸಂಗತಿ.

ಜನರೂ ಮಿತಾಕ್ಷರೆಯನ್ನು ಎಲ್ಲೆಡೆ ಅನುಸರಿಸಲಿಲ್ಲ. ಸಪಿಂಡತೆಯನ್ನು ಪಿಂಡದಾನದ ಸಂಬಂಧವೆಂದು ತಿಳಿಯದೆ ಒಂದೇ ದೇಹದ ಅಂಶಗಳಿಂದ ಬಂದ ಸಂಬಂಧವೆಂದು ವಿವರಿಸಿದ ವಿಜ್ಞಾನೇಶ್ವರನು ತಾಯಿಯ ಕಡೆ ಐದು, ತಂದೆಯ ಕಡೆ ಏಳು ತಲೆಗಳ ಮಿತಿಯನ್ನು ಅನುಸರಿಸುತ್ತಾನೆ. ಈ ಎಣಿಕೆಯಂತೆ ಸೋದರಮಾವನ ಮಗಳು ಮದುವೆಗೆ ನಿಷಿದ್ಧಳು. ಆದರೆ ದಕ್ಷಿಣದಲ್ಲಿ ಸೋದರಿಕೆಯ ಮದುವೆ ನಿಲ್ಲಲಿಲ್ಲ. ಇದನ್ನು ದಕ್ಷಿಣದವರ ವಿಶಿಷ್ಟ ಆಚಾರವೆಂದು ಬೌಧಾಯನನು ಬಹು ಹಿಂದೆಯೇ ಗುರುತಿಸಿದ್ದನು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯನು ‘ಪರಾಶರಮಾಧವೀಯ’ದಲ್ಲಿ ಅದನ್ನು ಸಮರ್ಥಿಸಿದನು. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಹೇಳುವಾಗ ರೂಢಿ ಅನುಮತಿಸಿದ ಮದುವೆಗಳಿಗೆ ವಿನಾಯಿತಿ ನೀಡಿದೆ.

ಗ್ರಂಥದ ಮರುಹುಟ್ಟು

ವಿಜ್ಞಾನೇಶ್ವರನ ಕೃತಿ ಶತಮಾನಗಳವರೆಗೆ ಪಂಡಿತರ ಕೈಪಿಡಿಯಾಗಿ ಬಾಳಿತು. ವಿಶ್ವೇಶ್ವರ ಭಟ್ಟನ ‘ಸುಬೋಧಿನೀ’ ಮೊದಲಾದ ಉಪವ್ಯಾಖ್ಯಾನಗಳು ಅದರ ಮೇಲೆ ಹುಟ್ಟಿದವು. ಹಿಂದೂಗಳ ವ್ಯಾಜ್ಯಗಳನ್ನು ಅವರ ಶಾಸ್ತ್ರದಂತೆಯೇ ತೀರ್ಮಾನಿಸಬೇಕೆಂದು 1772ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತ ನಿಶ್ಚಯಿಸಿದ ಮೇಲೆ ಕೃತಿಯ ಪಾತ್ರ ಬದಲಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿ ಜೀಮೂತವಾಹನನ ಗ್ರಂಥದೊಡನೆ ಪ್ರಕಟಿಸಿದನು. ಬಂಗಾಳ ಮತ್ತು ಅಸ್ಸಾಂ ಬಿಟ್ಟು ಭಾರತದ ಬಹುಭಾಗಕ್ಕೆ ಮಿತಾಕ್ಷರೆಯೇ ಪ್ರಮಾಣವಾಯಿತು. ಲೋಕದ ರೂಢಿಗೆ ಕಿವಿಗೊಡುತ್ತಿದ್ದ ವ್ಯಾಖ್ಯಾನವೊಂದು ನ್ಯಾಯಾಧೀಶರ ಮೇಜಿನ ಮೇಲೆ ಬದಲಾಗದ ಕಾಯಿದೆಯಾಗಿ ಕುಳಿತುದು ಈ ಚರಿತ್ರೆಯ ವಿಪರ್ಯಾಸ. ಹೆಣ್ಣಿಗೆ ದಾಯದಿಂದ ಬಂದುದೂ ಸ್ತ್ರೀಧನವೆಂಬ ವಿಜ್ಞಾನೇಶ್ವರನ ಉದಾರ ವಿವರಣೆಯನ್ನು ಮಾತ್ರ ಪ್ರಿವಿ ಕೌನ್ಸಿಲ್ ಒಪ್ಪದೆ, ವಿಧವೆಗೆ ಜೀವಿತಾವಧಿಯ ಸೀಮಿತ ಹಕ್ಕನ್ನಷ್ಟೇ ಉಳಿಸಿತು.

ಆದರೂ ಆಚಾರದ ತತ್ತ್ವ ಮರೆಯಾಗಲಿಲ್ಲ. ರಾಮನಾಡಿನ ಜಮೀನ್ದಾರಿಯ ದತ್ತಕಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 1868ರಲ್ಲಿ ಪ್ರಿವಿ ಕೌನ್ಸಿಲ್, ಸ್ಪಷ್ಟವಾಗಿ ಸಾಬೀತಾದ ರೂಢಿಯು ಹಿಂದೂ ನ್ಯಾಯದಲ್ಲಿ ಲಿಖಿತ ವಚನಕ್ಕಿಂತ ಹೆಚ್ಚು ತೂಗುತ್ತದೆ ಎಂಬ ತೀರ್ಮಾನಕ್ಕೆ ಬಂದಿತು. ಉದ್ಧಾರವಿಭಾಗದ ಚರ್ಚೆಯಲ್ಲಿ ವಿಜ್ಞಾನೇಶ್ವರನು ತಳೆದ ನಿಲುವಿಗೆ ಇದು ದೂರದ ಬಂಧು. ಒಂದು ವ್ಯತ್ಯಾಸ ಮಾತ್ರ ಉಂಟು. ನ್ಯಾಯಾಲಯಕ್ಕೆ ಬೇಕಾದುದು ರೂಢಿಯ ಪ್ರಾಚೀನತೆ. ವಿಜ್ಞಾನೇಶ್ವರನು ಕೇಳಿದುದು ಇಂದಿನ ಜನ ಅದನ್ನು ಸಹಿಸುವರೇ ಎಂಬುದನ್ನು.

ಈ ಎರಡನೆಯ ಪ್ರಶ್ನೆ ರೂಢಿಯ ಮೇಲೆಯೂ ತಿರುಗಬಲ್ಲದು. ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ಗಂಡುಮಕ್ಕಳಿಲ್ಲದ ಮನೆಗಳು ಮಗಳನ್ನು ಬಸವಿ ಬಿಟ್ಟು, ಅವಳನ್ನು ತವರಿನಲ್ಲಿಯೇ ಉಳಿಸಿಕೊಂಡು, ಮಗನ ಸ್ಥಾನವನ್ನು ಕೊಡುವ ರೂಢಿಯೊಂದಿತ್ತು. ಆಸ್ತಿಯ ಹಕ್ಕು ಅವಳಿಗೆ ದೊರೆಯುತ್ತಿದ್ದುದು ಅವಳ ದಾಂಪತ್ಯಜೀವನದ ಬೆಲೆಗೆ. ಇಂತಹ ರೂಢಿ ಎಷ್ಟು ಹಳೆಯದಾದರೂ ಲೋಕವಿದ್ವಿಷ್ಟವೇ ಆಯಿತು. ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು.

ಮಗಳು ಮಗಳಾಗಿಯೇ ಪಾಲು ಪಡೆಯುವ ಮಾರ್ಗ ತೆರೆದುದು ಇನ್ನೂ ತಡವಾಗಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿಯ ಮೇಲೆ ಅವಳಿಗೆ ಪೂರ್ಣ ಒಡೆತನ ನೀಡಿ, ಸ್ತ್ರೀಧನದ ವಿಷಯದಲ್ಲಿ ಮಿತಾಕ್ಷರೆಯ ಆಶಯಕ್ಕೆ ಮರಳಿತು. ಆದರೆ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು 1994ರಲ್ಲಿ, ಮದುವೆಯಾಗದ ಹಾಗೂ ಆ ತಿದ್ದುಪಡಿಯ ಬಳಿಕ ಮದುವೆಯಾದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ವಿಸ್ತರಿಸಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು; ಆ ಹಕ್ಕು ಹುಟ್ಟಿನಿಂದಲೇ ಬರುವಂಥದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಈ ಬದಲಾವಣೆಗಳನ್ನು ಮಿತಾಕ್ಷರೆಯ ಸೋಲೆಂದು ಭಾವಿಸುವವರಿದ್ದಾರೆ. ವಿಜ್ಞಾನೇಶ್ವರನ ತರ್ಕದ ಹಾದಿಯನ್ನು ಗಮನಿಸಿದರೆ ಹಾಗೆ ಭಾವಿಸಬೇಕಾಗಿಲ್ಲ. ಹಿರಿಯ ಮಗನ ಹೆಚ್ಚಿನ ಪಾಲನ್ನು ಶಾಸ್ತ್ರ ಹೇಳಿದ್ದರೂ ಜನ ಸಹಿಸದ ಕಾರಣ ಅದನ್ನು ನಡೆಸಬಾರದೆಂದವನು ಅವನು. ಮಗನಿಗೂ ಮಗಳಿಗೂ ನಡುವಣ ವಿಷಮ ವಿಭಾಗವನ್ನು ಅದೇ ಅಳತೆಗೋಲಿನಿಂದ ಅಳೆಯಲು ಒಂಬೈನೂರು ವರ್ಷಗಳು ಬೇಕಾದವು. ಕಾಯಿದೆ ಬಂದ ಮೇಲೆಯೂ ತವರಿನ ಸಂಬಂಧ ಉಳಿಯಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಎಡೆದೊರೆಯ ಸೀಮೆಯಲ್ಲಿಯೂ ಇತರೆಡೆಗಳಲ್ಲಿಯೂ ಇದ್ದಾರೆ. ಗ್ರಂಥ ಬದಲಾದರೂ ರೂಢಿ ಬದಲಾಗದೆ ಉಳಿಯಬಲ್ಲದೆಂಬುದಕ್ಕೆ ಇದು ನಿದರ್ಶನ. ಶಾಸ್ತ್ರಕ್ಕೂ ಲೋಕಕ್ಕೂ ನಡುವಿನ ಅಂತರವನ್ನು ಕಲ್ಯಾಣದ ಆ ಪರಿವ್ರಾಜಕನು ಗುರುತಿಸಿದಾಗ ಶಾಸ್ತ್ರ ಹಿಂದೆ ಉಳಿದು ಲೋಕ ಮುಂದೆ ಸಾಗಿತ್ತು. ಇಂದು ಕಾಯಿದೆ ಮುಂದಿದೆ, ಲೋಕ ಅದನ್ನು ಹಿಂಬಾಲಿಸಬೇಕಾಗಿದೆ.